ಸಬ್ಮಿಟ್ ಒತ್ತಿದ ಮೇಲೆ ಏನಾಗುತ್ತಿದೆ ಎಂದು ತೋರಿಸುವುದು: ನನ್ನ ಅನುಭವ

ನನ್ನ ಕೈಗೆ ಬಂದ ಫಾರ್ಮ್‌ನ ಕೆಲಸ ಸರಳ. ಬಳಕೆದಾರರು ಒಂದು ಸಿಎಸ್‌ವಿ ಫೈಲ್ (ಕಾಮಾಗಳಿಂದ ಬೇರ್ಪಟ್ಟ ಸಾಲುಗಳ ಪಟ್ಟಿ) ಹಾಕುತ್ತಾರೆ, ಸರ್ವರ್ ಒಂದೊಂದೇ ಸಾಲನ್ನು ಪರಿಶೀಲಿಸಿ ಡೇಟಾಬೇಸ್‌ಗೆ ಸೇರಿಸುತ್ತದೆ, ಕೊನೆಗೆ ಒಂದು ರಿಪೋರ್ಟ್ ಕೊಡುತ್ತದೆ. ಸಣ್ಣ ಫೈಲ್ ಆದರೆ ತಕ್ಷಣ ಮುಗಿಯುತ್ತಿತ್ತು. ಸಾವಿರಾರು ಸಾಲು ಇದ್ದರೆ ನಿಮಿಷಗಟ್ಟಲೆ ಬೇಕು. ಅಷ್ಟು ಹೊತ್ತೂ ಪರದೆಯ ಮೇಲೆ ಏನೂ ಬದಲಾಗುತ್ತಿರಲಿಲ್ಲ. ಜನ ಏನು ಮಾಡುತ್ತಾರೆ? ಇನ್ನೊಂದು ಸಲ ಸಬ್ಮಿಟ್ ಒತ್ತುತ್ತಾರೆ. ಹಾಗಾಗಿ ದೂರು ಬಂದಿದ್ದು ‘ತುಂಬಾ ನಿಧಾನ’ ಅಂತ ಅಲ್ಲ, ‘ಎಂಟ್ರಿಗಳೆಲ್ಲ ಡಬಲ್ ಆಗಿವೆ’ ಅಂತ.

ಸುತ್ತುವ ಚಕ್ರ ಒಂದನ್ನು ಹಾಕಿದರೆ ಸಾಕು ಎಂದು ಹಲವರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ 1993ರಲ್ಲಿ ಬರೆದ, ಕಾಯುವ ಹೊತ್ತಿನ ಮೂರು ಮಿತಿಗಳು ಇವತ್ತಿಗೂ ಕೆಲಸಕ್ಕೆ ಬರುತ್ತವೆ. 0.1 ಸೆಕೆಂಡಿನೊಳಗೆ ಆದದ್ದು ತಕ್ಷಣ ಆಯಿತು ಅನ್ನಿಸುತ್ತದೆ. 1 ಸೆಕೆಂಡಿನವರೆಗೆ ಯೋಚನೆ ಕಡಿದುಹೋಗುವುದಿಲ್ಲ. 10 ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ಚಕ್ರ 1ರಿಂದ 10 ಸೆಕೆಂಡಿನ ನಡುವಿನ ಹೊತ್ತಿಗೆ ಮಾತ್ರ ಸರಿ. ಅದು ಬರೀ ಸಿಎಸ್‌ಎಸ್ ಅನಿಮೇಷನ್, ಸರ್ವರ್ ಸತ್ತುಬಿದ್ದರೂ ಸುತ್ತುತ್ತಲೇ ಇರುತ್ತದೆ.

ಮೊದಲು ಡಬಲ್ ಎಂಟ್ರಿ ನಿಲ್ಲಿಸಿದೆ. ಬಟನ್ ನಿಷ್ಕ್ರಿಯ ಮಾಡುವುದನ್ನು ಕ್ಲಿಕ್ ಈವೆಂಟ್‌ನಲ್ಲಲ್ಲ, ಸಬ್ಮಿಟ್ ಈವೆಂಟ್‌ನಲ್ಲಿ ಇಟ್ಟೆ. ಕ್ಲಿಕ್‌ನಲ್ಲೇ ಮಾಡಿದರೆ ಕೆಲವು ಬ್ರೌಸರ್‌ಗಳಲ್ಲಿ ಫಾರ್ಮ್ ಹೋಗುವುದೇ ಇಲ್ಲ. ಆದರೆ ಬಟನ್ ಬರೀ ಸೌಜನ್ಯ, ಕಾವಲು ಸರ್ವರ್‌ನಲ್ಲೇ ಇರಬೇಕು. ಫಾರ್ಮ್ ತೆರೆದಾಗಲೇ ಅದರಲ್ಲಿ ಒಂದು ಗುಪ್ತ ಟೋಕನ್ (ಆ ಫಾರ್ಮ್‌ಗೆ ಮಾತ್ರ ಸೇರಿದ ಗುರುತು) ಇಟ್ಟು, ಡೇಟಾಬೇಸ್‌ನಲ್ಲಿ ಅದು ಎರಡು ಸಲ ಸೇರದಂತೆ ಯೂನಿಕ್ ಇಂಡೆಕ್ಸ್ ಹಾಕಿದೆ. ಅದೇ ಟೋಕನ್ ಎರಡನೇ ಸಲ ಬಂದರೆ ಹೊಸ ಕೆಲಸ ಶುರುವಾಗುವುದಿಲ್ಲ, ಹಳೆಯದರ ಸ್ಥಿತಿಯನ್ನೇ ತೋರಿಸುತ್ತದೆ.

ಇನ್ನು ನಿಜವಾದ ವಿಷಯ. ಪ್ರೋಗ್ರೆಸ್ ಬಾರ್ ಅಂದರೆ ಪುಟದ ಮೇಲಿನ ಅಲಂಕಾರ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದರ ಮುಕ್ಕಾಲು ಕೆಲಸ ಸರ್ವರ್‌ನಲ್ಲಿದೆ. ಬ್ರೌಸರ್ ಮತ್ತು ನಮ್ಮ ಸರ್ವರ್ ನಡುವೆ ನಿಲ್ಲುವ ಪ್ರಾಕ್ಸಿ ಎಂಜಿನ್‌ಎಕ್ಸ್, ತನ್ನ ಹಿಂದಿರುವ ಸರ್ವರ್‌ನಿಂದ ಏನೂ ಬರದಿದ್ದರೆ 60 ಸೆಕೆಂಡ್ ಕಾಯುತ್ತದೆ, ಆಮೇಲೆ 504 (ಸಮಯ ಮೀರಿತು ಎಂಬ ದೋಷ) ಕೊಡುತ್ತದೆ. ಇದು ಅದರ ಡೀಫಾಲ್ಟ್. ಆದರೆ ಒಳಗೆ ಇಂಪೋರ್ಟ್ (ಸಾಲುಗಳನ್ನು ಸೇರಿಸುವ ಕೆಲಸ) ನಡೆಯುತ್ತಲೇ ಇರಬಹುದು! ಬಳಕೆದಾರರಿಗೆ ‘ವಿಫಲ’, ಡೇಟಾಬೇಸ್‌ನಲ್ಲಿ ‘ಯಶಸ್ವಿ’. ಈ ಮಿತಿಯನ್ನು ಹೆಚ್ಚಿಸುವ ಬದಲು ಕೆಲಸವನ್ನೇ ರಿಕ್ವೆಸ್ಟ್‌ನಿಂದ ಬೇರೆ ಮಾಡಿದೆ. ಫಾರ್ಮ್ ಬಂದಾಗ ಫೈಲ್ ಉಳಿಸಿ, ಕೆಲಸಗಳ ಟೇಬಲ್‌ಗೆ ಒಂದು ಸಾಲು ಬರೆದು, 202 ಸ್ಟೇಟಸ್ (‘ಸ್ವೀಕರಿಸಿದೆ, ಇನ್ನೂ ಮುಗಿದಿಲ್ಲ’) ಜೊತೆ ಕೆಲಸದ ಐಡಿ ವಾಪಸ್ ಕೊಡುವುದು, ಅಷ್ಟೇ. ಉಳಿದದ್ದನ್ನೆಲ್ಲ ಹಿನ್ನೆಲೆಯಲ್ಲಿ ಓಡುವ ವರ್ಕರ್ ಎಂಬ ಬೇರೆ ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಐಡಿ ಯುಆರ್‌ಎಲ್‌ನಲ್ಲೇ ಇರುವುದರಿಂದ ಟ್ಯಾಬ್ ಮುಚ್ಚಿ ಮತ್ತೆ ಬಂದರೂ ಎಲ್ಲಿಗೆ ಬಂತು ಎಂದು ಕಾಣುತ್ತದೆ.

ವರ್ಕರ್ ಎಷ್ಟು ಸಾಲು ಮುಗಿಸಿತು ಎಂದು ಬರೆಯುವುದರಲ್ಲೂ ಎರಡು ಸೂಕ್ಷ್ಮ ಇವೆ. ಪ್ರತಿ ಸಾಲಿಗೂ ಬರೆದರೆ ಇಂಪೋರ್ಟ್‌ಗಿಂತ ಲೆಕ್ಕ ಬರೆಯುವ ಕೆಲಸವೇ ಜಾಸ್ತಿ ಆಗುತ್ತದೆ, ಸೆಕೆಂಡಿಗೊಮ್ಮೆ ಸಾಕು. ಎರಡನೆಯದು ಇನ್ನೂ ಮುಖ್ಯ. ಇಡೀ ಇಂಪೋರ್ಟ್ ಒಂದೇ ಟ್ರಾನ್ಸಾಕ್ಷನ್‌ನಲ್ಲಿದ್ದು (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಎಂಬ ಗುಂಪು), ಎಣಿಕೆಯನ್ನೂ ಅದರೊಳಗೇ ಬರೆದರೆ, ಕಮಿಟ್ ಆಗುವವರೆಗೆ, ಅಂದರೆ ಖಾಯಂ ಆಗುವವರೆಗೆ, ಹೊರಗಿನ ಕನೆಕ್ಷನ್‌ಗಳಿಗೆ ಅದು ಕಾಣುವುದೇ ಇಲ್ಲ. ಬಾರ್ ಸೊನ್ನೆಯಲ್ಲೇ ನಿಂತು ಕೊನೆಗೆ ಒಮ್ಮೆಲೇ ನೂರಕ್ಕೆ ಜಿಗಿಯುತ್ತದೆ. ಅದಕ್ಕೇ ಎಣಿಕೆಗೆ ಬೇರೆ ಕನೆಕ್ಷನ್ ಕೊಟ್ಟೆ.

ವರ್ಕರ್ ಇಟ್ಟುಕೊಳ್ಳಲು ಆಗದ ಇನ್ನೊಂದು ಪಿಎಚ್‌ಪಿ ಫಾರ್ಮ್‌ನಲ್ಲೂ ಬಾರ್ ಹೀಗೇ ಸೊನ್ನೆಯಲ್ಲಿ ನಿಲ್ಲುವುದನ್ನು ನೋಡಿದ್ದೇನೆ. ಅಲ್ಲಿ ಕಾರಣ ಬೇರೆ. ಉದ್ದದ ರಿಕ್ವೆಸ್ಟ್ ಸೆಷನ್ ಫೈಲ್‌ಗೆ (ಆ ಬಳಕೆದಾರರ ಮಾಹಿತಿ ಇರುವ ಫೈಲ್) ಬೀಗ ಹಾಕಿ ಕೂತಿರುತ್ತದೆ, ಸ್ಥಿತಿ ಕೇಳುವ ರಿಕ್ವೆಸ್ಟ್‌ಗಳು ಹೊರಗೆ ಸಾಲು ನಿಲ್ಲುತ್ತವೆ. ದೊಡ್ಡ ಕೆಲಸ ಶುರುವಾಗುವ ಮೊದಲೇ ಸೆಷನ್ ಬರೆದು ಮುಚ್ಚಿದರೆ ಸರಿಹೋಗುತ್ತದೆ.

ಪುಟದ ಕಡೆ ಬಂದರೆ, ಅಪ್‌ಲೋಡ್ ಬೇರೆ, ಪರಿಶೀಲನೆ ಬೇರೆ ಎಂದು ತೋರಿಸಲೇಬೇಕು. ಅಪ್‌ಲೋಡ್ ನೂರಾಯಿತು ಎಂದರೆ ಕೆಲಸ ಮುಗಿಯಿತು ಎಂದೇ ಜನ ತಿಳಿಯುತ್ತಾರೆ, ಅಲ್ವಾ? ಅಪ್‌ಲೋಡ್ ಎಷ್ಟಾಯಿತು ಎಂದು ತಿಳಿಯಲು ಹಳೆಯ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಅನ್ನೇ ಬಳಸಿದೆ. ಅದಕ್ಕೆ ಅಪ್‌ಲೋಡ್ ಪ್ರೋಗ್ರೆಸ್ ಈವೆಂಟ್ ಇದೆ, ಸರ್ವರ್‌ಗೆ ಕಳಿಸುವ ಹೊಸ ವಿಧಾನವಾದ ಫೆಚ್‌ನಲ್ಲಿ ಅಂಥದ್ದಿಲ್ಲ. ಪರಿಶೀಲನೆಯ ಹಂತದಲ್ಲಿ ಶೇಕಡಾವಾರು ಬದಲು ‘8,500 ಸಾಲುಗಳಲ್ಲಿ 3,200 ಮುಗಿದಿವೆ’ ಎಂಬ ರೀತಿಯ ಸಾಲು. ಸಂಖ್ಯೆ ಕಂಡರೆ ಜನ ನಂಬುತ್ತಾರೆ. ರಿಪೋರ್ಟ್ ತಯಾರಾಗುವ ಹಂತಕ್ಕೆ ಎಣಿಸಲು ಏನೂ ಇಲ್ಲ. ಅಲ್ಲಿ ಎಚ್‌ಟಿಎಂಎಲ್‌ನ ಪ್ರೋಗ್ರೆಸ್ ಎಲಿಮೆಂಟ್‌ನಿಂದ ವ್ಯಾಲ್ಯೂ ತೆಗೆದುಬಿಟ್ಟೆ, ಬ್ರೌಸರ್ ತಾನೇ ‘ನಡೆಯುತ್ತಿದೆ, ಅಳತೆ ಇಲ್ಲ’ ಎಂಬ ರೂಪಕ್ಕೆ ತರುತ್ತದೆ. ಟೈಮರ್ ಇಟ್ಟು ಸುಮ್ನೆ 99ರವರೆಗೆ ಓಡಿ ಅಲ್ಲೇ ನಿಲ್ಲುವ ಬಾರ್ ಬೇಡವೇ ಬೇಡ ಎಂದು ಹಟ ಹಿಡಿದೆ. ಎಷ್ಟು ಸಮಯ ಉಳಿದಿದೆ ಎಂಬುದನ್ನೂ ಬಿಟ್ಟೆ, ಸಾಲಿನಿಂದ ಸಾಲಿಗೆ ವೇಗ ಬದಲಾಗುತ್ತದೆ.

ಸ್ಥಿತಿ ತಿಳಿಯಲು ಎರಡು ಸೆಕೆಂಡಿಗೊಮ್ಮೆ ಸರ್ವರ್ ಅನ್ನು ಕೇಳುವುದೇ ಸಾಕಾಯಿತು. ಕನೆಕ್ಷನ್ ತೆರೆದಿಟ್ಟು ಸರ್ವರ್ ತಾನೇ ಸುದ್ದಿ ಕಳಿಸುವ ಸರ್ವರ್-ಸೆಂಟ್ ಈವೆಂಟ್ಸ್ ಚಂದ, ನಿಜ. ಆದರೆ ಪ್ರಾಕ್ಸಿ ಉತ್ತರವನ್ನು ಕೂಡಿಟ್ಟು ಕಳಿಸುವುದನ್ನು (ಬಫರಿಂಗ್) ನಿಲ್ಲಿಸಬೇಕು, ಎಚ್‌ಟಿಟಿಪಿ 1.1ರಲ್ಲಿ ಬ್ರೌಸರ್‌ಗಳು ಒಂದು ಸೈಟ್‌ಗೆ 6 ಕನೆಕ್ಷನ್ ಮಾತ್ರ ಕೊಡುತ್ತವೆ, ಪ್ರತಿ ಟ್ಯಾಬ್ ಒಂದನ್ನು ಹಿಡಿದಿಟ್ಟುಕೊಳ್ಳುವುದರಿಂದ ಟ್ಯಾಬ್‌ಗಳು ಹೆಚ್ಚಾದರೆ ಸಿಕ್ಕಿಹಾಕಿಕೊಳ್ಳುತ್ತದೆ.

ಸ್ಕ್ರೀನ್ ರೀಡರ್ (ಪರದೆಯನ್ನು ಓದಿ ಹೇಳುವ ತಂತ್ರಾಂಶ) ಬಳಸುವವರಿಗಾಗಿ ಸ್ಥಿತಿಯ ಸಾಲಿಗೆ, ಅದು ಬದಲಾದರೆ ಓದಿ ಹೇಳುವಂತೆ, ಸ್ಟೇಟಸ್ ರೋಲ್ ಕೊಟ್ಟೆ. ವೆಬ್ ಎಲ್ಲರಿಗೂ ಎಟುಕಬೇಕೆಂಬ ಮಾರ್ಗಸೂಚಿ ಡಬ್ಲ್ಯುಸಿಎಜಿ 2.1ರ 4.1.3 ನಿಯಮ ಕೇಳುವುದೂ ಇದನ್ನೇ. ಆದರೆ ಪ್ರತಿ ಎಣಿಕೆಯನ್ನೂ ಓದಿಸಿದರೆ ಕಿವಿ ಚಿಟ್ಟು ಹಿಡಿಯುತ್ತದೆ. ಹಾಗಾಗಿ ಕಣ್ಣಿಗೆ ಕಾಣುವ ಎಣಿಕೆ ಬೇರೆ ಜಾಗದಲ್ಲಿದೆ, ಓದಿಸುವ ಸಾಲು ಹಂತ ಬದಲಾದಾಗ ಮಾತ್ರ ಬದಲಾಗುತ್ತದೆ.

‘ರದ್ದು ಮಾಡಿ’ ಬಟನ್ ಕೊನೆಗೆ ಸೇರಿಸಿದ್ದು. ವರ್ಕರ್ ಎಣಿಕೆ ಬರೆಯುವಾಗಲೆಲ್ಲ ರದ್ದತಿಯ ಗುರುತು ಇದೆಯಾ ಎಂದು ನೋಡುತ್ತದೆ. ಇದ್ದರೆ ಇಡೀ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಗುತ್ತದೆ (ಮೊದಲಿನ ಸ್ಥಿತಿಗೆ ಮರಳುತ್ತದೆ), ಅರ್ಧಂಬರ್ಧ ಸಾಲುಗಳು ಉಳಿಯುವುದಿಲ್ಲ. ರಿಪೋರ್ಟ್ ಹಂತಕ್ಕೆ ಬಂದ ಮೇಲೆ ಆ ಬಟನ್ ಕಾಣುವುದಿಲ್ಲ. ಅಷ್ಟರಲ್ಲಿ ಕಮಿಟ್ ಆಗಿರುತ್ತದೆ.