ಅಪ್ಪನ ಮೂಳೆ, ಅಜ್ಜಿಯ ಕಡೆಯ ಡಿಎನ್‌ಎ

ಬೆಂಗಳೂರಿನ ಹೊರವಲಯದ ಕೆರೆಯೊಂದರಲ್ಲಿ ಹೂಳೆತ್ತುವಾಗ ಸಿಕ್ಕ ತೊಡೆಮೂಳೆ ಅದು. ಲ್ಯಾಬಿಗೆ ಬಂದಾಗ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮೇಲಿನ ಪದರ ಉಜ್ಜಿ ತೆಗೆದೆ. ದ್ರವ ಸಾರಜನಕದಲ್ಲಿ ತಣಿಸಿ ಪುಡಿ ಮಾಡಿದೆ. ಮಾಮೂಲಿ ಎಸ್‌ಟಿಆರ್ ಪರೀಕ್ಷೆ (ಡಿಎನ್‌ಎಯಲ್ಲಿ ಮರುಕಳಿಸುವ ಪುಟ್ಟ ತುಣುಕುಗಳಿಂದ ವ್ಯಕ್ತಿಯ ಗುರುತು ಹಿಡಿಯುವುದು) ಎರಡು ಸಲ ಮಾಡಿದರೂ ಪ್ರೊಫೈಲ್ ಬರಲಿಲ್ಲ. ವರ್ಷಗಟ್ಟಲೆ ಕೆಸರಲ್ಲಿ ನೆನೆದ ಮೂಳೆ, ಬರೋದೂ ಕಷ್ಟವೇ.

ಇನ್ನು ಉಳಿದದ್ದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದೊಳಗಿನ ಡಿಎನ್‌ಎ. 16,569 ಅಕ್ಷರಗಳ ಪುಟ್ಟ ಉಂಗುರ. ಒಂದೊಂದು ಜೀವಕೋಶದಲ್ಲೂ ಇದರ ನೂರಾರು, ಕೆಲವೊಮ್ಮೆ ಸಾವಿರಾರು ಪ್ರತಿಗಳಿರುತ್ತವೆ. ಹಾಗಾಗಿ ಹಾಳಾದ ಮೂಳೆಯಲ್ಲೂ ಅಷ್ಟಿಷ್ಟು ಉಳಿದುಕೊಂಡಿರುತ್ತದೆ. ಆದರೆ ಇದು ಬರುವುದು ತಾಯಿಯಿಂದ ಮಾತ್ರ.

ಈ ಮೂಳೆ ತಮ್ಮ ಅಪ್ಪನದಿರಬಹುದೇ ಎಂದು ತಿಳಿಯಲು, ಕಾಣೆಯಾದವರೊಬ್ಬರ ಮಗ ರಕ್ತ ಕೊಡಲು ಬಂದಿದ್ದರು. "ಈ ಪರೀಕ್ಷೆಗೆ ನಿಮ್ಮದು ಆಗಲ್ಲ ಸರ್. ನಿಮ್ಮಲ್ಲಿರುವುದು ನಿಮ್ಮ ತಾಯಿಯದು. ತಂದೆಯ ತಾಯಿಯೋ, ಒಡಹುಟ್ಟಿದವರೋ ಬೇಕು" ಎಂದೆ.

"ಅಪ್ಪನಿಗೆ ಇದ್ದದ್ದು ಒಬ್ಬರೇ ಅಕ್ಕ, ಮೇಡಂ. ಅವರೂ ತೀರಿಕೊಂಡರು. ನಮ್ಮಮ್ಮನ ತಾಯಿ ಅವರೇ."

ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತು. ಅಕ್ಕನ ಮಗಳನ್ನೇ ಮದುವೆಯಾಗಿದ್ದರು! ನಮ್ಮ ಕಡೆ ಇದೇನು ಹೊಸದಲ್ಲ ಅಲ್ವಾ? ನನ್ನ ತಲೆಗೇ ಹೊಳೆದಿರಲಿಲ್ಲ. ಕಾಗದದ ಮೇಲೆ ವಂಶವೃಕ್ಷ ಬರೆದು ನೋಡಿದೆ. ಅಪ್ಪನ ತಾಯಿಯ ಈ ಡಿಎನ್‌ಎ ಅಪ್ಪನಿಗೂ ಬಂದಿದೆ, ಅಕ್ಕನಿಗೂ ಬಂದಿದೆ. ಅಕ್ಕನಿಂದ ಮಗಳಿಗೆ, ಆ ಮಗಳಿಂದ ಈಗ ನನ್ನೆದುರು ಕೂತಿರುವ ಮಗನಿಗೆ. ಅಪ್ಪನದೂ ಮಗನದೂ ಒಂದೇ ಆಗಿರಬೇಕು.

ರಕ್ತ ತೆಗೆದುಕೊಂಡೆವು. ಹೆಚ್ಚು ಬದಲಾಗುವ ಎಚ್‌ವಿ1, ಎಚ್‌ವಿ2 ಎಂಬ ಎರಡು ಭಾಗಗಳನ್ನು ಓದಿದೆ. ಮೂಳೆಗೂ ರಕ್ತಕ್ಕೂ ಎರಡು ಜಾಗಗಳಲ್ಲಿ ಅಕ್ಷರ ಬೇರೆ ಬಂದಿದ್ದರೆ ಸಂಬಂಧವಿಲ್ಲ ಎನ್ನಬಹುದಿತ್ತು. ಒಂದೂ ಬೇರೆ ಬರಲಿಲ್ಲ. ಹೊರಗಿನ ಡಿಎನ್‌ಎ ಸೇರಿದೆಯೇ ಎಂದು ನೋಡಲು ಮೂಳೆಪುಡಿ ಹಾಕದೆ ಜೊತೆಗೇ ಪರೀಕ್ಷಿಸಿದ ಖಾಲಿ ಟ್ಯೂಬೂ ಸ್ವಚ್ಛವಾಗಿತ್ತು. ಆದರೂ ನನ್ನದೇ ಅನುಕ್ರಮದ ಜೊತೆ ಹೋಲಿಸಿ ನೋಡಿದೆ. ಈ ಕೆಲಸದಲ್ಲಿ ನಮ್ಮ ಉಗುಳು, ಬೆವರಿನ ಭಯವೇ ಜಾಸ್ತಿ.

ವರದಿಯಲ್ಲಿ ಬರೆದದ್ದು ಇಷ್ಟೇ: "ಒಂದೇ ತಾಯಿಯ ಕಡೆಯವರಲ್ಲ ಎಂದು ಹೇಳಲಾಗದು." ಮಗನಿಗೆ ಬೇಸರವಾಯಿತು. "ಅಪ್ಪನೇ ಅಂತ ಬರೆಯಬಾರದಾ?" ಎಂದು ಕೇಳಿದರು. ಬರೆಯಲಾಗದು. ಅವರ ಸೋದರಮಾವನ ಮೂಳೆಯಾಗಿದ್ದರೂ ಇದೇ ಉತ್ತರ ಬರುತ್ತಿತ್ತು. ಆ ಮಾವ ಊರಲ್ಲಿ ಚೆನ್ನಾಗಿದ್ದಾರೆ ಎಂದು ಖಚಿತ ಮಾಡಿಕೊಳ್ಳುವುದು ಪೊಲೀಸರ ಕೆಲಸ, ನನ್ನದಲ್ಲ.

ಈಗ ಸ್ಯಾಂಪಲ್ ಫಾರ್ಮಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆದುಕೊಳ್ಳುತ್ತೇನೆ: "ತಂದೆ-ತಾಯಿ ಸಂಬಂಧದಲ್ಲೇ ಮದುವೆಯಾದವರಾ?"