ಎರಡು ಔಷಧ ಕೂಡಿಸಿ ನೋಡುವ ಪ್ರಯೋಗಕ್ಕೆ ಸಹಿ ಹಾಕುವ ಮುಂಚೆ

ಮಾಹಿತಿ ಪತ್ರ ಕೈಗೆ ಬಂದ ದಿನವೇ ಸಹಿ ಹಾಕಬೇಡಿ. ಮನೆಗೆ ಒಯ್ಯಿರಿ, ಯಾರಿಂದಾದರೂ ಓದಿಸಿ ಕೇಳಿರಿ, ತಿಳಿಯದ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆಯಿರಿ. ನಾನು ಹುಬ್ಬಳ್ಳಿಯಲ್ಲಿ ಔಷಧ ಪ್ರಯೋಗಗಳ ಕೋಆರ್ಡಿನೇಟರ್. ತವರು ರೋಣ ತಾಲ್ಲೂಕಿನ ಹಳ್ಳಿ. ಆ ಹಾಳೆಗಳನ್ನು ರೋಗಿಯ ಮುಂದಿಡುವವಳೂ ನಾನೇ, ಮರುದಿನ ಬಂದು "ಅಕ್ಕಾರ, ಇದೇನ್ರಿ ಬರದಾರ?" ಎನ್ನುವವರಿಗೆ ಉತ್ತರ ಹೇಳುವವಳೂ ನಾನೇ. ಹಾಗೆ ಕೇಳುವವರನ್ನು ಕಂಡರೆ ನನಗೆ ಸಮಾಧಾನ. ಏನೂ ಕೇಳದೆ ಹೆಬ್ಬೆಟ್ಟು ಮುಂದೆ ಚಾಚುವವರನ್ನು ಕಂಡರೆ ಸಂಕಟವಾಗುತ್ತದೆ.

ರಕ್ತದ ಕ್ಯಾನ್ಸರ್‌ಗಳಲ್ಲಿ ಈಗ ಎರಡು ಗುರಿ ಔಷಧಗಳನ್ನು (ಕ್ಯಾನ್ಸರ್ ಕಣದ ಒಂದು ಗುರುತನ್ನೇ ಹಿಡಿದು ಹೊಡೆಯುವ ಔಷಧಗಳನ್ನು) ಒಟ್ಟಿಗೆ ಕೊಟ್ಟು ನೋಡುವ ಪ್ರಯೋಗಗಳು ಹೆಚ್ಚುತ್ತಿವೆ. ಇಂಥ ಪ್ರಯೋಗದ ಕಾಗದವನ್ನು ಹೇಗೆ ಓದಬೇಕು ಎಂಬುದನ್ನು ಒಂದೇ ಕಾಯಿಲೆ ಹಿಡಿದು ಹೇಳುತ್ತೇನೆ: ಹೇರಿ ಸೆಲ್ ಲ್ಯುಕೇಮಿಯಾ. ಬಹಳ ಅಪರೂಪದ್ದು, ಲ್ಯುಕೇಮಿಯಾಗಳಲ್ಲಿ ಸುಮಾರು ನೂರಕ್ಕೆ ಎರಡು. ಹೆಂಗಸರಿಗಿಂತ ಗಂಡಸರಿಗೆ ನಾಲ್ಕೈದು ಪಟ್ಟು ಹೆಚ್ಚು ಬರುತ್ತದೆ. ರಕ್ತದ ಸ್ಲೈಡನ್ನು ಮೈಕ್ರೋಸ್ಕೋಪ್ ಕೆಳಗಿಟ್ಟರೆ ಕಣದ ಅಂಚಿನ ಸುತ್ತ ಸಣ್ಣ ಸಣ್ಣ ಕೂದಲೆಳೆ ಎದ್ದು ನಿಂತಿರುತ್ತವೆ. ಗುಲ್ಮ ಊದಿ ಎಡಪಕ್ಕೆಯ ಕೆಳಗೆ ಭಾರವಾಗುತ್ತದೆ. ರಕ್ತದ ಕೆಂಪು ಕಣ, ಪ್ಲೇಟ್‌ಲೆಟ್, ಬಿಳಿ ಕಣ ಮೂರೂ ಇಳಿಯುತ್ತವೆ. ಬೋನ್ ಮ್ಯಾರೋ, ಅಂದರೆ ಎಲುಬಿನೊಳಗಿನ ಮಜ್ಜೆ, ತೆಗೆಯಲು ಸೂಜಿ ಹಾಕಿದರೆ ಎಷ್ಟೋ ಸಲ ಸಿರಿಂಜಿಗೆ ಏನೂ ಬರುವುದಿಲ್ಲ. ಡಾಕ್ಟರಿಗೆ ಕೈ ಬರಲಿಲ್ಲ ಎಂದು ಮನೆಯವರು ಸಿಟ್ಟಾಗುತ್ತಾರೆ. ಈ ಕಾಯಿಲೆಯಲ್ಲಿ ಮ್ಯಾರೋ ಒಳಗೆ ನಾರುಗಟ್ಟುವುದರಿಂದ ಅದು ಸುಲಭಕ್ಕೆ ಹೊರಬರುವುದಿಲ್ಲ. ಅದಕ್ಕೇ ಎಲುಬಿನ ಸಣ್ಣ ತುಂಡು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.

ಮೊದಲು ನೋಡಬೇಕಾದ್ದು, ನಿಮಗೆ ಈಗಾಗಲೇ ಯಾವ ಚಿಕಿತ್ಸೆ ಆಗಿದೆ ಎಂಬುದು. ಇದಕ್ಕೆ ಕ್ಲ್ಯಾಡ್ರಿಬಿನ್ ಎಂಬ ಹಳೆಯ, ಪಳಗಿದ ಕೀಮೋ ಔಷಧ ಇದೆ. ಒಂದೇ ಕೋರ್ಸ್‌ಗೆ ಬಹುಪಾಲು ರೋಗಿಗಳ ಕಾಯಿಲೆ ವರ್ಷಗಟ್ಟಲೆ ಅಡಗಿರುತ್ತದೆ. ಅದನ್ನು ಕೊಟ್ಟೇ ಇಲ್ಲ, ನೇರ ಪ್ರಯೋಗಕ್ಕೆ ಕರೆಯುತ್ತಿದ್ದಾರೆ ಎಂದರೆ "ಯಾಕ್ರಿ?" ಎಂದು ಕೇಳಿ. ಕಾರಣ ಇರಬಹುದು, ಆದರೆ ಆ ಕಾರಣ ನಿಮಗೂ ತಿಳಿಯಬೇಕು. ಇಂಥ ಪ್ರಯೋಗಗಳು ಹೆಚ್ಚಾಗಿ ಕಾಯಿಲೆ ಮರಳಿದವರಿಗೆ, ಇಲ್ಲವೇ ಹಳೆಯ ಔಷಧಕ್ಕೆ ಬಗ್ಗದವರಿಗೆ.

ಎರಡನೆಯದು, ಗುರಿ. ಗುರಿ ಔಷಧ ಎಂದ ಮೇಲೆ ಗುರಿ ಯಾವುದು, ಅದು ನಿಮ್ಮ ರಿಪೋರ್ಟಿನಲ್ಲಿ ಇದೆಯೋ ಇಲ್ಲವೋ ನೋಡಲೇಬೇಕು. 2011ರಲ್ಲಿ ಇಟಲಿಯ ಪೆರೂಜಾದಲ್ಲಿ ಎನ್ರಿಕೊ ಟಿಯಾಚಿ, ಬ್ರುನಾಂಜೆಲೊ ಫಲಿನಿ ಅವರ ತಂಡ ಪರೀಕ್ಷಿಸಿದ 47 ರೋಗಿಗಳಲ್ಲಿ 47 ಮಂದಿಗೂ ಬಿ-ರಾಫ್ ಎಂಬ ಜೀನಿನಲ್ಲಿ ಒಂದೇ ಬದಲಾವಣೆ ಸಿಕ್ಕಿತು. ಕರೆಗಂಟೆಯ ಗುಂಡಿ ಒಳಗೇ ಸಿಕ್ಕಿಕೊಂಡರೆ ಗಂಟೆ ಹೊಡೆಯುತ್ತಲೇ ಇರುತ್ತದಲ್ಲ, ಹಾಗೆ ಆ ಜೀನು ಕಣಕ್ಕೆ "ಬದುಕು, ಬೆಳೆ" ಎಂದು ಹೇಳುತ್ತಲೇ ಇರುತ್ತದೆ. ವೆಮುರಾಫೆನಿಬ್ ಎಂಬ ಗುಳಿಗೆ ಆ ಗುಂಡಿಯನ್ನು ಬಿಡಿಸುತ್ತದೆ. ಆದರೆ ಇದೇ ಕಾಯಿಲೆಯಂತೆ ಕಾಣುವ ವೇರಿಯಂಟ್ ಬಗೆಯೊಂದಿದೆ, ಅದರಲ್ಲಿ ಈ ಬದಲಾವಣೆ ಇರುವುದಿಲ್ಲ. ಅವರಿಗೆ ಈ ಗುಳಿಗೆಯಿಂದ ಉಪಯೋಗವಿಲ್ಲ. ಹಾಗಾಗಿ ರಿಪೋರ್ಟಿನಲ್ಲಿ 'ಬಿ-ರಾಫ್ ವಿ600ಇ' ಎಂದು ಬರೆದ ಸಾಲನ್ನು ಹುಡುಕಿ, ಅದರ ಮುಂದೆ ಪಾಸಿಟಿವ್ ಎಂದಿದೆಯೇ ಎಂದು ನಿಮ್ಮ ಕಣ್ಣಾರೆ ನೋಡಿ.

ಈಗ ಮುಖ್ಯ ಪ್ರಶ್ನೆ: ಎರಡು ಯಾಕೆ? ಮಾಹಿತಿ ಪತ್ರದಲ್ಲಿ ಇದಕ್ಕೆ ಉತ್ತರ ಇರಲೇಬೇಕು. ಇಲ್ಲದಿದ್ದರೆ ಬಾಯಿಬಿಟ್ಟು ಕೇಳಿ. ಗುಳಿಗೆ ಒಂದನ್ನೇ ಕೊಟ್ಟಾಗ ಇಟಲಿಯಲ್ಲೂ ಅಮೆರಿಕದಲ್ಲೂ ಹೆಚ್ಚುಕಡಿಮೆ ಎಲ್ಲರಿಗೂ ಗುಣ ಕಂಡಿತು. ಆದರೆ ಪೂರ್ಣ ಗುಣ (ಮಾಮೂಲಿ ಪರೀಕ್ಷೆಗೆ ಕಾಯಿಲೆ ಕಾಣದಿರುವುದು, ಬುಡಸಮೇತ ಹೋಯಿತು ಎಂದಲ್ಲ) ಸಿಕ್ಕಿದ್ದು ಒಂದು ಕಡೆ ನೂರಕ್ಕೆ 35, ಇನ್ನೊಂದು ಕಡೆ 42 ಮಂದಿಗೆ. ಮ್ಯಾರೋದಲ್ಲಿ ಅಳಿದುಳಿದ ಕಣಗಳಿಂದ ಕಾಯಿಲೆ ಮತ್ತೆ ತಲೆ ಎತ್ತುತ್ತಿತ್ತು. ಅದಕ್ಕೆ ರಿಟುಕ್ಸಿಮ್ಯಾಬ್ ಸೇರಿಸಿದರು. ಇದು ಸಲೈನ್ ಹಾಗೆ ನರಕ್ಕೆ ಏರಿಸುವ ಔಷಧ. ಕಣದ ಮೈಮೇಲಿನ ಸಿಡಿ20 ಎಂಬ ಗುರುತಿಗೆ ಅಂಟಿಕೊಂಡು, ಉಳಿದ ಕಣಗಳನ್ನು ದೇಹದ ರೋಗನಿರೋಧಕ ಶಕ್ತಿಯಿಂದಲೇ ಕೊಲ್ಲಿಸುತ್ತದೆ. ಒಂದು ಒಳಗಿನಿಂದ, ಒಂದು ಹೊರಗಿನಿಂದ. 2021ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗದಲ್ಲಿ 30 ರೋಗಿಗಳಿಗೆ ಎರಡನ್ನೂ ಕೂಡಿಸಿ ಕೊಟ್ಟರು. 26 ಮಂದಿಗೆ ಪೂರ್ಣ ಗುಣ. ಅವರಲ್ಲಿ 17 ಜನರ ಮ್ಯಾರೋದಲ್ಲಿ ಸೂಕ್ಷ್ಮ ಪರೀಕ್ಷೆಗೂ ರೋಗದ ಕಣ ಸಿಗಲಿಲ್ಲ.

ಇಲ್ಲಿ ಒಂದು ಎಚ್ಚರ. ಈ 30 ಜನರಲ್ಲಿ ಎಲ್ಲರಿಗೂ ಜೋಡಿ ಔಷಧವನ್ನೇ ಕೊಟ್ಟಿದ್ದರು. ಬರೀ ಗುಳಿಗೆ ತಗೊಂಡವರ ಗುಂಪು ಪಕ್ಕದಲ್ಲಿ ಇರಲಿಲ್ಲ. ಅಪರೂಪದ ಕಾಯಿಲೆಗೆ ಎರಡು ಗುಂಪು ಮಾಡುವಷ್ಟು ಜನ ಸಿಗುವುದು ಕಷ್ಟ. ಆದ್ದರಿಂದ ಹಳೆಯ ಅಂಕಿಯನ್ನೂ ಹೊಸ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಯಾರಾದರೂ ತೋರಿಸಿದರೆ, ಅವು ಬೇರೆ ಬೇರೆ ಪ್ರಯೋಗದವು ಎಂಬುದು ನೆನಪಿರಲಿ. ನನಗೆ ಈ ಫಲಿತಾಂಶದ ಮೇಲೆ ನಂಬಿಕೆ ಇದೆ. ನಂಬಿಕೆಗೆ ಕಾರಣ, ಕೀಮೋಗೆ ಬಗ್ಗದಿದ್ದವರಿಗೂ ಅಲ್ಲಿ ಪೂರ್ಣ ಗುಣ ಸಿಕ್ಕಿದ್ದು. "ಖಾಲಿ ಗುಳಿಗೆ ಕೊಡ್ತಾರೇನ್ರಿ?" ಎಂದೂ, ಅಂದರೆ ಒಳಗೆ ಔಷಧವೇ ಇಲ್ಲದ ಗುಳಿಗೆ ಕೊಡುತ್ತಾರೆಯೇ ಎಂದು, ಬಹಳ ಜನ ಕೇಳುತ್ತಾರೆ. ಎಲ್ಲರಿಗೂ ಒಂದೇ ಜೋಡಿ ಕೊಡುವ ಪ್ರಯೋಗದಲ್ಲಿ ಆ ಮಾತೇ ಬರುವುದಿಲ್ಲ. ಚೀಟಿ ಎತ್ತಿದ ಹಾಗೆ ಗುಂಪು ಮಾಡುವುದಾದರೆ, ಯಾವ ಗುಂಪಿಗೆ ಏನು ಕೊಡುತ್ತಾರೆ ಎಂದು ಬರೆಸಿಕೊಳ್ಳಿ.

ಮನೆಯಲ್ಲಿ ನಿಜವಾಗಿ ಕೆಲಸ ಬೀಳುವುದು ಸಹಿ ಆದಮೇಲೆ. ಆ ಇಟಲಿಯ ಲೆಕ್ಕವನ್ನೇ ನೋಡಿ: ಒಂದು ಹೊತ್ತಿಗೆ 960 ಮಿಲಿಗ್ರಾಂ, ದಿನಕ್ಕೆ ಎರಡು ಹೊತ್ತು. ಒಂದು ಗುಳಿಗೆ 240 ಮಿಲಿಗ್ರಾಂ. ಅಂದರೆ ಮುಂಜಾನೆ ನಾಲ್ಕು, ಸಂಜೆ ನಾಲ್ಕು. ಡೈರಿಯಲ್ಲಿ ನುಂಗಿದ ಗಳಿಗೆಗೇ ಟಿಕ್ ಹಾಕಬೇಕು. ಆಸ್ಪತ್ರೆಗೆ ಬರುವ ಹಿಂದಿನ ರಾತ್ರಿ ಕೂತು ಒಂದೇ ಪೆನ್ನಿನಿಂದ ಸಾಲಾಗಿ ಹಾಕಿದ ಟಿಕ್ಕುಗಳು ನೋಡಿದ ಕೂಡಲೇ ಗೊತ್ತಾಗುತ್ತವೆ, ಒಂದೇ ಶಾಯಿ, ಒಂದೇ ಓರೆ. ತಪ್ಪಿದ ಗುಳಿಗೆಯನ್ನು ತಪ್ಪಿತು ಎಂದೇ ಬರೆಯಿರಿ. ಯಾರೂ ಬೈಯುವುದಿಲ್ಲ. ಎಷ್ಟು ಗುಳಿಗೆಗೆ ಎಷ್ಟು ಗುಣ ಎಂಬ ಲೆಕ್ಕ ಸುಳ್ಳಾದರೆ ಮುಂದೆ ಬರುವ ರೋಗಿಗೆ ತಪ್ಪು ಪ್ರಮಾಣ ಹೋಗುತ್ತದೆ. ಖಾಲಿ ಸ್ಟ್ರಿಪ್ ಎಸೆಯಬೇಡಿ, ವಾಪಸ್ ತನ್ನಿ.

ಬಿಸಿಲಿನ ಮಾತು ನಮ್ಮ ಕಡೆಯವರಿಗೆ ಒತ್ತಿ ಹೇಳಲೇಬೇಕು. ವೆಮುರಾಫೆನಿಬ್ ತಗೊಳ್ಳುವವರ ಚರ್ಮ ಬಿಸಿಲಿಗೆ ಸುಟ್ಟಂತಾಗುತ್ತದೆ. ಬ್ಯಾಡಗಿ ಕಡೆಯ ಕಾಕಾ ಮೆಣಸಿನಕಾಯಿ ಹೊಲಕ್ಕೆ ಹೋಗದೆ ಇರುತ್ತಾನೆಯೇ? ಹೋಗಬೇಡ ಎಂದರೆ "ಹೂಂ ತಂಗಿ" ಎಂದು ತಲೆ ಆಡಿಸಿ ಮರುದಿನ ಹೋಗುತ್ತಾರೆ. ಅದಕ್ಕೆ ನಾನು ಬೇರೆ ರೀತಿ ಹೇಳುತ್ತೇನೆ: ಹೊತ್ತು ಏರುವ ಮೊದಲು ಹೋಗಿ ಬನ್ನಿ, ತುಂಬುತೋಳಿನ ಅಂಗಿ ಹಾಕಿ, ಟವೆಲ್ಲನ್ನು ತಲೆಗೆ ಸುತ್ತಿ ಕಿವಿ, ಕುತ್ತಿಗೆ ಮುಚ್ಚಿಕೊಳ್ಳಿ, ಬೈಕಿನ ಮೇಲೆ ಹೋಗುವಾಗ ಮುಂಗೈ ಮರೆಯಬೇಡಿ. ಮೈಮೇಲೆ ಹೊಸ ಗಂಟು, ನರೂಲಿಯಂಥದ್ದು ಎದ್ದರೆ ತೋರಿಸಿ. ಈ ಗುಳಿಗೆಯಿಂದ ಚರ್ಮದ ಒಂದು ಬಗೆಯ ಕ್ಯಾನ್ಸರ್ ಬರುವುದುಂಟು, ಬೇಗ ಕಂಡರೆ ಕತ್ತರಿಸಿ ತೆಗೆಯಬಹುದು. ಕೀಲುನೋವೂ ಸಾಮಾನ್ಯ. ಹೃದಯದ ಬಡಿತದ ಮೇಲೂ ಪರಿಣಾಮ ಆಗಬಹುದಾದ್ದರಿಂದ ಮೇಲಿಂದ ಮೇಲೆ ಇಸಿಜಿ ಮಾಡುತ್ತಾರೆ, ಬೇಸರಪಡಬೇಡಿ.

ರಿಟುಕ್ಸಿಮ್ಯಾಬ್ ಮೊದಲ ಸಲ ಏರಿಸುವಾಗ ಚಳಿ, ನಡುಕ ಬರಬಹುದು. ಅದಕ್ಕೇ ನಿಧಾನ ಏರಿಸುತ್ತಾರೆ, ಇಡೀ ದಿನ ಹಿಡಿಯಬಹುದು. ಅದಕ್ಕೂ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಿರಲೇಬೇಕು. ಹಳೆಯ ಸೋಂಕು ಒಳಗೆ ಮಲಗಿದ್ದರೆ ಈ ಔಷಧ ಅದನ್ನು ಎಬ್ಬಿಸಬಹುದು. ಟಿಬಿ ಗುಳಿಗೆ, ನಾಟಿ ಔಷಧ, ಕಷಾಯ ಏನೇ ತಗೊಳ್ಳುತ್ತಿದ್ದರೂ ಮುಚ್ಚಿಡಬೇಡಿ. ಟಿಬಿಯ ರಿಫಾಂಪಿಸಿನ್ ಈ ಕ್ಯಾನ್ಸರ್ ಗುಳಿಗೆಯ ಬಲವನ್ನೇ ಇಳಿಸಬಲ್ಲದು.

ಜ್ವರ 100.4 ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಶಿರಹಟ್ಟಿಯಲ್ಲಿರಿ, ಸವಣೂರಲ್ಲಿರಿ, ಹತ್ತಿರದ ಡಾಕ್ಟರಿಗೆ ಸೂಜಿ ಮಾಡಿಸಿಕೊಳ್ಳುವ ಮೊದಲೇ ಪ್ರಯೋಗದ ಕಾರ್ಡ್ ತೋರಿಸಿ, ಅದರ ಮೇಲಿನ ನಂಬರಿಗೆ ಅವರ ಕೈಯಿಂದಲೇ ಫೋನ್ ಮಾಡಿಸಿ.

ಇನ್ನು ಕಾಯಿದೆಯ ಮಾತು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಕಾಗದ ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು, ಸಹಿಯಾದ ಪ್ರತಿ ನಿಮ್ಮ ಕೈಗೆ ಬರಬೇಕು. ಓದಲು ಬಾರದವರ ಪಕ್ಕ ಪ್ರಯೋಗಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಕೂರಬೇಕು. ಫಾರ್ಮಿನಲ್ಲಿ ನಿಮ್ಮ ಉದ್ಯೋಗ, ವರ್ಷದ ಆದಾಯ, ನಾಮಿನಿ ಹೆಸರು ಕೇಳುತ್ತಾರೆ. ನಾಮಿನಿ ಎಂದ ಕೂಡಲೇ ಹೆಂಡತಿಯ ಮುಖ ಕಳೆಗುಂದುತ್ತದೆ. ಪ್ರಯೋಗದಿಂದಲೇ ಜೀವಕ್ಕೆ ಅಪಾಯವಾದರೆ ಪರಿಹಾರ ಯಾರಿಗೆ ಸಲ್ಲಬೇಕು ಎಂಬುದಕ್ಕೆ ಆ ಸಾಲು, ಖಾಲಿ ಬಿಡಬೇಡಿ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು, ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ. ಪತ್ರದ ಮೇಲೆ ಸಿಟಿಆರ್‌ಐ ಎಂದು ಶುರುವಾಗುವ ನೋಂದಣಿ ಸಂಖ್ಯೆಯನ್ನು ಹುಡುಕಿ, ಅದು ದೇಶದ ಔಷಧ ಪ್ರಯೋಗಗಳ ಸರ್ಕಾರಿ ಪಟ್ಟಿಯ ಸಂಖ್ಯೆ. ಮನೆಯ ಓದುವ ಹುಡುಗರು ಮೊಬೈಲಿನಲ್ಲೇ ಅದನ್ನು ತೆಗೆದು ನೋಡಬಹುದು.

ಇಂಥ ಅಪರೂಪದ ಕಾಯಿಲೆಗೆ ಬೆಂಗಳೂರಿಗೋ ಮುಂಬಯಿಗೋ ಓಡಾಡಬೇಕಾಗಬಹುದು. ಓಡಾಟದ ಖರ್ಚು ಯಾರು ಕೊಡುತ್ತಾರೆ ಎಂದು ಮೊದಲೇ ಕೇಳಿ, ಕೇಳಲು ನಾಚಿಕೆ ಬೇಡ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗಳಿಗೆ ರೈಲಿನಲ್ಲಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ ಇದೆ. ಅದರ ಫಾರ್ಮನ್ನು ಆಸ್ಪತ್ರೆಯಲ್ಲಿ ತುಂಬಿಸಿಕೊಂಡು ಹುಬ್ಬಳ್ಳಿ ಸ್ಟೇಷನ್ನಿನ ರಿಸರ್ವೇಷನ್ ಕೌಂಟರಿಗೆ ಒಯ್ಯಿರಿ. ಕೊನೆಗೆ ಇನ್ನೊಂದು ಪ್ರಶ್ನೆ: ಪ್ರಯೋಗ ಮುಗಿದ ಮೇಲೂ ನನಗೆ ಔಷಧ ಬೇಕಾದರೆ ಯಾರು ಕೊಡುತ್ತಾರೆ, ಎಷ್ಟು ದಿನ? ಉತ್ತರವನ್ನು ಡಾಕ್ಟರ ಕೈಯಿಂದಲೇ ಅದೇ ಹಾಳೆಯ ಮೇಲೆ ಬರೆಸಿಕೊಂಡು, ಆಮೇಲೆ ಸಹಿ ಹಾಕಿ.