ಮಗುವಿನ ನೆತ್ತಿ ಕೂಡುವುದು ಯಾವಾಗ? ಮುಟ್ಟಿ ನೋಡುವುದು ಹೇಗೆ?

ಎಣ್ಣೆ ಹಚ್ಚಿ ಎರೆಯುವ ಹೊತ್ತಿನಲ್ಲಿ ಹಸುಗೂಸಿನ ನೆತ್ತಿಯ ಮೇಲೆ ಅಂಗೈ ಇಟ್ಟರೆ, ಎಲುಬಿಲ್ಲದ ಮೆತ್ತನೆಯ ಜಾಗವೊಂದು ಎದೆಬಡಿತದ ಲಯಕ್ಕೆ ಮಿಡಿಯುವುದು ಕೈಗೆ ಸಿಗುತ್ತದೆ. ಚೊಚ್ಚಲ ತಾಯಂದಿರು ಇದಕ್ಕೆ ಹೆದರುವುದುಂಟು. ಆದರೆ ಅಲ್ಲಿ ಚರ್ಮದ ಕೆಳಗೆ ಗಟ್ಟಿಮುಟ್ಟಾದ ಪೊರೆಯಿರುವುದರಿಂದ ಹಗುರವಾಗಿ ಮುಟ್ಟಿದರೆ, ತಲೆ ಬಾಚಿದರೆ ಮಿದುಳಿಗೆ ಏನೂ ಆಗುವುದಿಲ್ಲ.

ಹುಟ್ಟುವಾಗ ತಲೆಬುರುಡೆ ಬಿಡಿಬಿಡಿ ಎಲುಬುಗಳಾಗಿಯೇ ಇರುತ್ತದೆ. ಹೆರಿಗೆಯ ಇಕ್ಕಟ್ಟಿನ ದಾರಿಯಲ್ಲಿ ಅವು ಒಂದರ ಮೇಲೊಂದು ಸರಿದು ತಲೆಗೆ ಎಡೆ ಮಾಡಿಕೊಡುತ್ತವೆ, ಆಮೇಲೆ ಬೆಳೆಯುವ ಮಿದುಳಿಗೂ ಜಾಗ ಬಿಡುತ್ತವೆ. ಹುಟ್ಟಿದಾಗ ಸುಮಾರು 35 ಸೆಂ.ಮೀ. ಇರುವ ತಲೆಯ ಸುತ್ತಳತೆ ವರ್ಷ ತುಂಬುವಾಗ ಸುಮಾರು 45–46 ಸೆಂ.ಮೀ. ಆಗುತ್ತದೆ. ಎಲುಬುಗಳ ನಡುವೆ ಇಂಥ ಮೃದು ಜಾಗಗಳು 6 ಇದ್ದರೂ ನಮ್ಮ ಕೈಗೆ ಸಿಗುವುದು ಎರಡು. ಹಿಂದಲೆಯ ಪುಟ್ಟ ತ್ರಿಕೋನ 2–3 ತಿಂಗಳಲ್ಲಿ ಮುಚ್ಚುತ್ತದೆ. ಮುಂದಲೆಯದು, ಗಾಳಿಪಟದ ಆಕಾರದ್ದು, ಅಂಚಿನ ಎಲುಬು ಒಳಮುಖವಾಗಿ ಬೆಳೆಯುತ್ತಾ ಬಂದಂತೆ ಸಣ್ಣದಾಗಿ, ಹೆಚ್ಚಿನ ಮಕ್ಕಳಲ್ಲಿ 7ರಿಂದ 19 ತಿಂಗಳೊಳಗೆ ಕೂಡುತ್ತದೆ. 2 ವರ್ಷ ತುಂಬುವ ವೇಳೆಗೆ ಬಹುಪಾಲು ಮಕ್ಕಳಲ್ಲಿ ಅದು ಮುಚ್ಚಿರುತ್ತದೆ. ಪಕ್ಕದ ಮನೆಯ ಮಗುವಿಗೆ ವರ್ಷಕ್ಕೇ ಕೂಡಿತೆಂದು ನಿಮ್ಮ ಮಗುವಿನ ಬಗ್ಗೆ ಚಿಂತಿಸಬೇಕಿಲ್ಲ.

ನೋಡಬೇಕೆಂದರೆ, ಮೊದಲು ಮಗು ಅಳು ನಿಲ್ಲಿಸಲಿ, ಏಕೆಂದರೆ ಅಳುವಾಗ, ವಾಂತಿ ಮಾಡುವಾಗ, ಮಲಗಿರುವಾಗ ನೆತ್ತಿ ತುಸು ಉಬ್ಬುವುದು ಸಹಜ. ಬಳಿಕ ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಬೆರಳತುದಿಯನ್ನು ಹಣೆಯ ನಡುವಿನಿಂದ ಮೇಲಕ್ಕೆ ಮೆಲ್ಲಗೆ ಸರಿಸುತ್ತಾ ಹೋಗಿ. ಎಲುಬಿನ ಅಂಚು ಮುಗಿದು ಮೆತ್ತಗಾದ ಕಡೆ ನಿಲ್ಲಿಸಿ, ಒತ್ತಬೇಡಿ. ಸುತ್ತಲಿನ ಎಲುಬಿನ ಮಟ್ಟಕ್ಕೇ ಇದ್ದರೆ ಅಥವಾ ಕೊಂಚವೇ ತಗ್ಗಿದ್ದರೆ ಸರಿಯಾಗಿದೆ.

ನೆತ್ತಿ ಚೆನ್ನಾಗಿ ಒಳಗೆ ಹೋಗಿದ್ದು, ಬಾಯಿ ಒಣಗಿ, ಮೂತ್ರ ಕಡಿಮೆಯಾಗಿದ್ದರೆ ಅದು ನೀರಿನಂಶ ಇಳಿದದ್ದರ ಸೂಚನೆ. ಭೇದಿಯಾದ ಮಗುವಿನಲ್ಲಿ ಇದನ್ನು ಕಂಡು ನೆತ್ತಿಗೆ ಹರಳೆಣ್ಣೆ ಒತ್ತುತ್ತಾ ಕೂರುವುದು ಅಪಾಯಕಾರಿ. ಕೂಡಲೇ ವೈದ್ಯರಲ್ಲಿಗೆ ಹೊರಡಬೇಕು, ದಾರಿಯಲ್ಲೂ ಎದೆಹಾಲು ಮತ್ತು ಓಆರ್‌ಎಸ್ ಕೊಡುತ್ತಿರಬೇಕು. ಸುಮ್ಮನೆ ಕೂತ ಮಗುವಿನ ನೆತ್ತಿ ಉಬ್ಬಿ ಬಿಗಿದಿದ್ದು, ಜೊತೆಗೆ ಜ್ವರ, ವಾಂತಿ, ಮಂಪರು ಇದ್ದರೆ ಮಿದುಳುಪೊರೆಯ ಸೋಂಕಿರಬಹುದು; ಇದಕ್ಕೆ ಬೆಳಗಾಗುವವರೆಗೂ ಕಾಯುವಂತಿಲ್ಲ.

ಬೇಗ ಕೂಡಿದ ನೆತ್ತಿಯೊಂದನ್ನೇ ನೋಡಿ ಏನನ್ನೂ ಹೇಳಲಾಗದು. ಲಸಿಕೆಗೆ ಹೋದಾಗ ತಲೆಯ ಸುತ್ತಳತೆ ಅಳೆಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಅದು ವಯಸ್ಸಿಗೆ ತಕ್ಕಂತೆ ಏರುತ್ತಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಏರಿಕೆ ನಿಂತರೆ, ತಲೆ ಸೊಟ್ಟಗಾಗುತ್ತಿದ್ದರೆ ಅಥವಾ ಎಲುಬುಗಳ ಕೂಡುಗೆರೆಯ ಉದ್ದಕ್ಕೂ ಏಣು ಎದ್ದಿದ್ದರೆ ತೋರಿಸಬೇಕು. 2 ವರ್ಷವಾದರೂ ಕೂಡದಿದ್ದಲ್ಲಿ ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆಯಿಂದ ಎಲುಬು ಮೆತ್ತಗಾಗುವ ರಿಕೆಟ್ಸ್, ತಲೆಯೊಳಗೆ ನೀರು ತುಂಬುವುದು ಇವುಗಳನ್ನು ವೈದ್ಯರು ಪರೀಕ್ಷಿಸುತ್ತಾರೆ.

ಎಣ್ಣೆ ಇಡುವುದರಿಂದ ನೆತ್ತಿ ಬೇಗ ಕೂಡುವುದೂ ಇಲ್ಲ, ಇಡದಿದ್ದರೆ ತಡವಾಗುವುದೂ ಇಲ್ಲ. ಅಜ್ಜಿಗೆ ಇಷ್ಟವಿದ್ದರೆ ತೆಳ್ಳಗೆ ಸವರಲಿ; ಅಂಗೈಯಿಂದ ಗಟ್ಟಿಯಾಗಿ ತಟ್ಟುವುದು ಮಾತ್ರ ಬೇಡ.